ಸಿಮೆಂಟಿನ ನೀರು

"ಬಾಯಿ ತಗಿ, ರಂಡಿ. ಕುಡದಿ ಹೌದಿಲ್ಲೋ?"

ಕೂಲಿಗಳ ಮೇಲಿನ ಮುಕಾದಮ ದಿಗಂಬರ ಬೆತ್ತದ ತುದಿಯಿಂದ ಕಾಶವ್ವನ ತುಟಿ ಅಗಲಿಸಿ ನಾಲಗೆ ನೋಡಿದ. ಒಣಗಿತ್ತು. ತಲೆಯ ಮೇಲಿನ ಕೊಡ ಅಲುಗದಂತೆ ಆಕೆ ನಿಂತಿದ್ದಳು.

"ಇದು ಸಿಮೆಂಟಿನ ನೀರು. ನಿಮ್ಮ ನೀರು ಹಳ್ಳದಾಗ ಅದ."

ಹಳ್ಳ ಒಂದು ಮೈಲಿ ದೂರ. ಅಲ್ಲಿ ಫೌಜಿನ ಕುದುರೆಗಳನ್ನು ತೊಳೆಯುತ್ತಿದ್ದರು.

೧೯೩೮ರ ಏಪ್ರಿಲ್. ಫೌಜಿನ ಊರಾದ ಖಡಕಿಯ ಬೇವಿನ ತೋಪಿನಲ್ಲಿ ಬಿಳಿಯರ ಪ್ರಾರ್ಥನಾಮಂದಿರ ಏಳುತ್ತಿತ್ತು. ಹೊಸ ಮಾದರಿ: ಶಿಖರವಿಲ್ಲ, ಕಮಾನಿಲ್ಲ, ನಾಲ್ಕು ಇಂಚು ದಪ್ಪದ ಸಪಾಟು ಕಾಂಕ್ರೀಟ್ ಛತ್ತು, ಪೂರ್ವಕ್ಕೆ ಗೋಡೆಯ ಬದಲು ಗಾಜು. ಪ್ರಾರ್ಥನೆಗೆ ಕೂತವರಿಗೆ ಮರಗಳಷ್ಟೇ ಕಾಣಬೇಕು. ಒಂದು ಮರವನ್ನೂ ಕಡಿಯಕೂಡದೆಂದು ನಕ್ಷೆ ಬರೆದ ಸಾಹೇಬನ ಹುಕುಂ. ಆ ನೋಟಕ್ಕೆ ಅಡ್ಡ ಬಂದ ಕೂಲಿಗಳ ಒಂಬತ್ತು ಗುಡಿಸಲುಗಳನ್ನು ಕಿತ್ತಿದ್ದರು.

ಛತ್ತು ಬಿರಿಯದಿರಲು ಅದರ ಮೇಲೆ ಮಣ್ಣಿನ ಬದು ಕಟ್ಟಿ ಹದಿನಾಲ್ಕು ದಿನ ನೀರು ನಿಲ್ಲಿಸಬೇಕು. ಇಂಡಿ ಕಡೆಯ ಹೊಲಗೇರಿಯ ಹನ್ನೊಂದು ಹೆಂಗಸರು ಆ ನೀರು ಹೊರುತ್ತಿದ್ದರು. ಅವರು ಬಾವಿ ಮುಟ್ಟುವಂತಿಲ್ಲ. ಮೇಲುಜಾತಿಯ ಅವಧೂತನೆಂಬವನು ಸೇದಿ ಮೇಲಿನಿಂದ ಕೊಡಕ್ಕೆ ಸುರಿಯುತ್ತಿದ್ದ.

ನಾಲ್ಕನೆಯ ದಿನ ಕಾಶವ್ವನ ಗಂಡ ಕಾಡಪ್ಪ ಜ್ವರದಲ್ಲೇ ಏಣಿ ಹತ್ತಿ ಛತ್ತಿನ ನೀರಿಗೆ ಬಾಯಿ ಹಚ್ಚಿದ. ದಿಗಂಬರ ಹೊಟ್ಟೆಗೆ ಒದ್ದ.

"ಕಾರು, ಸೂಳೆಮಗನ. ಕುಡದದ್ದೆಲ್ಲಾ ಕಾರು."

ಕಾಡಪ್ಪ ಕಾರಿದ. ಕೊನೆಗೆ ಬಂದದ್ದು ರಕ್ತ.

ಹೆಂಗಸರು ಅವನನ್ನು ಇಳಿಸಿಕೊಂಡರು. ದಿಗಂಬರ ಬದು ಒಡೆದು ನೀರೆಲ್ಲ ಹೊರಬಿಟ್ಟ. ತಂಬಿಗೆಯಲ್ಲಿ ಗೋಮೂತ್ರ ತರಿಸಿ ಛತ್ತಿಗೆಲ್ಲ ಚಿಮುಕಿಸಿದ. ಮತ್ತೆ ಬದು ಕಟ್ಟಿ ಕೆಳಗಿಳಿದ.

"ಪಾದ್ರಿ ಸಾಹೇಬರಿಗೆ ಗೊತ್ತೇನ್ರಿ," ಕಾಶವ್ವ ಕೇಳಿದಳು, "ಅವರ ದೇವರ ತಲಿ ಮ್ಯಾಲ ಆಕಳ ಉಚ್ಚಿ ಬಿತ್ತಂತ?"

"ನಾಲಿಗಿ ಕೀಳತೇನಿ. ಕೊಡ ಎತ್ರಿ."

ಕಾಶವ್ವ ಕೊಡ ಬೋರಲು ಹಾಕಿ ಪಕ್ಕದಲ್ಲಿ ಕೂತಳು.

"ಮಡಿ ಆಗೇದಲ್ರಿ. ಹೊಲ್ಯಾರು ಹೊತ್ತ ನೀರು ಇನ್ನ ಯಾಕ್ರಿ ಅದಕ್ಕ?"

ಹನ್ನೊಂದೂ ಕೊಡಗಳು ಬೋರಲಾದವು. ಬೆತ್ತ ಮುರಿಯುವವರೆಗೂ ದಿಗಂಬರ ಹೊಡೆದ. ಯಾರೂ ಏಳಲಿಲ್ಲ. ಅವಧೂತನನ್ನು ಕರೆದ.

"ನಾ ಸೇದಾಂವ್ರಿ, ಹೊರಾಂವ ಅಲ್ಲ," ಎಂದ ಅವಧೂತ.

ಮರುದಿನ ಮಧ್ಯಾಹ್ನ, ತಾನೇ ಕೊಡ ಹೊತ್ತು ಏಣಿ ಹತ್ತಿದ ದಿಗಂಬರನಿಗೆ ಬೆಳ್ಳಗೆ ಒಣಗಿದ ಛತ್ತಿನ ಮೇಲೆ ಬಿರುಕು ಕಂಡಿತು. ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಷ್ಟು. ಉಗುರಿನಿಂದ ಕೆರೆದು ನೋಡಿದ. ಆಗ ಪೂರ್ವದ ಕಡೆಯಿಂದ ಗುದ್ದಲಿಯ ಸದ್ದು ಬಂತು.

ಗಾಜು ಕೂರಬೇಕಾದ ತೆರಪಿನ ನೇರಕ್ಕೆ, ಮೊದಲನೆಯ ಬೇವಿನ ಬುಡದಲ್ಲಿ, ಹೆಂಗಸರು ಕುಣಿ ತೋಡುತ್ತಿದ್ದರು. ಪಕ್ಕದಲ್ಲಿ ಸಿಮೆಂಟಿನ ಗೋಣಿ ಹೊದ್ದು ಕಾಡಪ್ಪ ಮಲಗಿದ್ದ. ಗೋಣಿಯ ಮೇಲೆ ನೊಣ ಮುತ್ತಿದ್ದವು.

"ಏನ್ ಮಾಡಾಕತ್ತೀರಲೇ ಅಲ್ಲಿ?"

ಕಾಶವ್ವ ತಲೆ ಎತ್ತಲಿಲ್ಲ.

"ಮರ ಕಡದಿಲ್ರಿ. ಬೇರು ತಪ್ಪಿಸಿ ಅಗಿಯಾಕತ್ತೀವಿ."