ಟೈಲರಮ್ಮ ಸಭೆಯಿಂದ ಎದ್ದು ಹೋದದ್ದು

ಇಸ್ಪೀಟ್ ಕ್ಲಬ್ಬಿನ ಅರ್ಜಿ ಪುರಸಭೆಯ ಮುಂದೆ ಬಂದದ್ದು ಅದು ಮೂರನೆಯ ಸಲ. ಮೊದಲ ಸಲ ಕೋರಂ ಇಲ್ಲವೆಂದು ಮುಂದಕ್ಕೆ ಹೋಗಿತ್ತು, ಎರಡನೆಯ ಸಲ ನಕ್ಷೆ ಸರಿಯಿಲ್ಲವೆಂದು. ಆರು ಮೇಜಿನ ಕ್ಲಬ್ಬನ್ನು ಇಪ್ಪತ್ತು ಮೇಜಿಗೆ ಹಿಗ್ಗಿಸಬೇಕು, ಪಕ್ಕದ ಪಾಳುಬಿದ್ದ ಗೋದಾಮನ್ನೂ ಸೇರಿಸಿಕೊಳ್ಳಬೇಕು ಅನ್ನುವುದು ಮಾಲೀಕನ ಕೋರಿಕೆ. ಎಲ್ಲಿ ಹೋದರೂ ಅದೇ ಮಾತು. ಟೈಲರಮ್ಮನಿಗೆ ಕೇಳಿ ಕೇಳಿ ಸಾಕಾಗಿಹೋಗಿತ್ತು.

ಮಾರ್ಕೆಟ್ ರಸ್ತೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಎರಡು ಚುನಾವಣೆ ಗೆದ್ದ ಸದಸ್ಯೆಯಾದರೂ ಜನರ ಬಾಯಲ್ಲಿ ಅವಳು ಇನ್ನೂ ಟೈಲರಮ್ಮನೇ. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಅವಳ ಜೊತೆಗಿದ್ದವನು ಮೈದುನ ಒಬ್ಬನೇ. ಅವನು ಅದೇ ಕ್ಲಬ್ಬಿನಲ್ಲಿ ಎಲೆ ಹಂಚುತ್ತಿದ್ದ. ಎಲೆ ಕಲಸುವಾಗ ಅವನ ಬೆರಳುಗಳು ಎಲ್ಲಿರುತ್ತವೆಂದು ಗೊತ್ತಾಗುತ್ತಿರಲಿಲ್ಲ. ಅದನ್ನು ನೋಡಲಿಕ್ಕೆಂದೇ ಕೆಲವರು ಅವನ ಮೇಜಿಗೆ ಬಂದು ಕೂರುತ್ತಿದ್ದರು. ಮಲಗುವುದು ಮಹಡಿಯ ಕೋಣೆಯಲ್ಲಾದರೂ ಅವನ ಊಟ, ತಿಂಡಿ, ಜಗಳ, ನಗೆ ಎಲ್ಲ ಅತ್ತಿಗೆಯ ಅಡುಗೆಮನೆಯಲ್ಲೇ.

ತೊಡಕು ಇದ್ದದ್ದೇ ಅಲ್ಲಿ. ಮನೆಯವರು ದುಡಿಯುವ ಸಂಸ್ಥೆಯ ವಿಷಯ ಚರ್ಚೆಗೆ ಬಂದರೆ ಸದಸ್ಯರು ಅದನ್ನು ಹೇಳಿ ಹೊರಗೆ ಹೋಗಬೇಕು ಎಂಬ ನಿಯಮವಿತ್ತು. ಒಬ್ಬ ಸದಸ್ಯ ತನ್ನ ಮಗನಿಗೇ ರಸ್ತೆಯ ಗುತ್ತಿಗೆ ಕೊಡಿಸಿದಾಗ ಕೂಗಾಡಿ ಆ ನಿಯಮ ತರಿಸಿದವಳು ಟೈಲರಮ್ಮನೇ. ಹಿಂದಿನ ಎರಡು ಸಲ ಅರ್ಜಿ ಚರ್ಚೆಗೇ ಬಂದಿರಲಿಲ್ಲವಾದ್ದರಿಂದ ಅವಳು ಬಚಾವಾಗಿದ್ದಳು.

ಸಭೆಯ ಹಿಂದಿನ ದಿನ ಬಸ್ ಡ್ರೈವರನ ಹೆಂಡತಿ ರವಿಕೆ ಒಯ್ಯಲು ಅಂಗಡಿಗೆ ಬಂದಳು. ರವಿಕೆ ಕೈಗೆ ಬಂದರೂ ಹೊರಡಲಿಲ್ಲ.

"ಅಕ್ಕಾ, ನಮ್ಮವರು ಡ್ಯೂಟಿ ಮುಗಿಸಿ ಸೀದಾ ಅಲ್ಲಿಗೇ ಹೋಗ್ತಾರೆ. ಒಂದೊಂದು ದಿನ ಜಾಗ ಇಲ್ಲ ಅಂತ ವಾಪಸ್ ಬರ್ತಾರೆ. ಆವತ್ತು ಮಕ್ಕಳ ಜೊತೆ ಕೂತು ಊಟ ಮಾಡ್ತಾರೆ. ಇಪ್ಪತ್ತು ಮೇಜಾದ್ರೆ ಜಾಗ ಇಲ್ಲ ಅನ್ನೋದೇ ಇರಲ್ವಲ್ಲ?"

"ನನ್ನ ಕೈಲಾದದ್ದು ಮಾಡ್ತೀನಿ ಕಣಮ್ಮ," ಎಂದಳು ಟೈಲರಮ್ಮ. ನಿಯಮದ ಮಾತೆತ್ತದೆ ಹೊಲಿಗೆ ಯಂತ್ರ ತುಳಿಯತೊಡಗಿದಳು.

ಪುರಸಭೆಯ ಕಾರ್ಯದರ್ಶಿಗೂ ಕ್ಲಬ್ಬು ಬೆಳೆಯುವುದು ಬೇಕಿರಲಿಲ್ಲ. ಮರುದಿನ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದ: "ನಿಮ್ಮ ಮಹಡಿಗೆ ಹೊರಗಡೆಯಿಂದಲೇ ದಾರಿ ಇದೆಯಲ್ಲ ಮೇಡಂ? ಬೇರೆ ಮನೆ ಅಂದುಬಿಟ್ರಾಯ್ತು. ಸುಮ್ನೆ ಕೂತು ಕೈ ಎತ್ತಿಬಿಡಿ."

"ನೋಡೋಣ," ಎಂದಳು.

ಮಧ್ಯಾಹ್ನದ ಸಭೆ. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುತ್ತಿತ್ತು, ಮೈಕು ಆಗಾಗ ಕಿರುಚುತ್ತಿತ್ತು. ಕ್ಲಬ್ಬಿನ ವಕೀಲ ಉದ್ಯೋಗ, ತೆರಿಗೆ, ಬೀದಿದೀಪ ಎಂದು ಹಳೆಯ ಮಾತನ್ನೇ ಮತ್ತೆ ಹೇಳಿದ. ವಿರೋಧಿಸುವವರೂ ಹಳೆಯದನ್ನೇ ಹೇಳಿದರು. ಹಿಂದಿನ ಸಾಲಿನಲ್ಲಿ ಡ್ರೈವರನ ಹೆಂಡತಿ ಇನ್ನೂ ಕೆಲವು ಹೆಂಗಸರೊಂದಿಗೆ ಕೂತಿದ್ದಳು. ಮತಕ್ಕೆ ಹಾಕುವ ಮುಂಚೆ ಅಧ್ಯಕ್ಷರು ಕಾಗದ ನೋಡಿಕೊಂಡು ಓದಿದರು: "ಯಾರಿಗಾದರೂ ಈ ಸಂಸ್ಥೆಯ ಸಂಬಂಧ ಇದ್ದರೆ ಈಗಲೇ ಹೇಳಬೇಕು."

ಕಾರ್ಯದರ್ಶಿ ತಲೆ ಎತ್ತಲಿಲ್ಲ. ವಕೀಲನ ಪಕ್ಕದಲ್ಲಿದ್ದ ಕ್ಲಬ್ಬಿನ ಮಾಲೀಕನೂ ತುಟಿ ಬಿಚ್ಚಲಿಲ್ಲ, ತನ್ನಲ್ಲಿ ಸಂಬಳ ತಗೊಳ್ಳುವವನ ಅತ್ತಿಗೆ ತನ್ನ ಕಡೆಗೇ ಕೈ ಎತ್ತುತ್ತಾಳೆಂದು ನಂಬಿದ್ದನೋ ಏನೋ. ಟೈಲರಮ್ಮ ಮೇಜಿಗೆ ಕೈ ಊರಿ ಎದ್ದಳು.

"ನನ್ನ ಮೈದುನ ಆ ಕ್ಲಬ್ಬಲ್ಲಿ ಕೆಲಸ ಮಾಡ್ತಾನೆ. ನಮ್ಮ ಮನೇಲೇ ಇರ್ತಾನೆ. ನಾನು ಹೊರಗೆ ಹೋಗ್ತೀನಿ."

ಹೊರಗಿನ ಪಡಸಾಲೆಯಲ್ಲಿ ಒಂದು ಬೆಂಚು, ಬಾಗಿಲು ಕಿತ್ತ ಒಂದು ಬೀರು. ಬೆಂಚಿನ ಮೇಲೆ ಕೂತು ಅವಳು ಒಳಗಿನ ದನಿಗಳನ್ನು ಕೇಳಿದಳು. ಏಳು ಜನ ಸದಸ್ಯರಲ್ಲಿ ಅವಳೊಬ್ಬಳು ಎದ್ದದ್ದರಿಂದ ಮೂರಕ್ಕೆ ಮೂರಾಯಿತು. ಅಧ್ಯಕ್ಷರು ತಮ್ಮ ನಿರ್ಣಾಯಕ ಮತವನ್ನು ಕ್ಲಬ್ಬಿಗೆ ಹಾಕಿದರು.

ಡ್ರೈವರನ ಹೆಂಡತಿ ಹೊರಬಂದು ಅವಳ ಮುಂದೆ ನಿಂತಳು. "ನಿಮ್ಮ ಕೈಗೇನೋ ಕೊಳೆ ಅಂಟಲಿಲ್ಲ ಅಕ್ಕಾ. ನನ್ನ ಮನೆ ಗತಿ?"

ಅಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೋದಳು. ಅಂದಿನಿಂದ ಆಕೆ ಬಟ್ಟೆ ಹೊಲಿಸಲು ಬೇರೆ ಅಂಗಡಿ ಹಿಡಿದಳು.

ಮನೆಗೆ ಬಂದರೆ ಮೈದುನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಸುದ್ದಿ ಆಗಲೇ ತಲುಪಿತ್ತು.

"ಬೇರೆ ಮನೆ ಅಂತ ಹೇಳಬಹುದಿತ್ತಲ್ಲ ಅತ್ತಿಗೆ."

"ಹೇಳಬಹುದಿತ್ತು. ಹಾಗಂದ್ಮೇಲೆ ಇಲ್ಲಿಗೆ ಬಂದು ಯಾವ ಮುಖ ಇಟ್ಕೊಂಡು ನಿನಗೆ ಬಡಿಸಲಿ?"

ಅವನು ಕಣ್ಣೊರೆಸಿಕೊಂಡು, "ಹಾಳು ಈರುಳ್ಳಿ," ಎಂದ.

ಗೋದಾಮಿನ ಗೋಡೆ ಒಡೆದರು, ಹೊಸ ಮೇಜುಗಳು ಬಂದವು. ಮೈದುನನನ್ನು ಹೊಸ ಭಾಗದ ಮೇಲ್ವಿಚಾರಕನನ್ನಾಗಿ ಮಾಡುತ್ತಾರೆಂಬ ಮಾತೂ ಬಂತು. ಅದೇ ವಾರ ಅವನು ಕ್ಲಬ್ಬಿನ ಕಪ್ಪು ಕೋಟನ್ನು ವಾಪಸ್ ಕೊಟ್ಟು ಮನೆಗೆ ಬಂದು ಊಟಕ್ಕೆ ಕೂತ.

"ಬಿಟ್ಟುಬಿಟ್ಟೆ. ಬಸ್ ಸ್ಟ್ಯಾಂಡಿನ ಪಾರ್ಸೆಲ್ ಆಫೀಸಲ್ಲಿ ಕೆಲಸಕ್ಕೆ ಬರೋಕೆ ಹೇಳಿದ್ದಾರೆ."

"ತಲೆ ಕೆಟ್ಟಿದೆಯೇನೋ ನಿಂಗೆ? ಬಿಡು ಅಂತ ನಾನು ಕೇಳಿದ್ನಾ?"

"ನೀವೆಲ್ಲಿ ಕೇಳ್ತೀರಿ! ಅವರು ಮುಂದಿನ ವರ್ಷ ಜೂಜಿನ ಮಷೀನು ಇಡೋಕೆ ಅರ್ಜಿ ಹಾಕ್ತಾರಂತೆ. ಆಗ ನೀವು ಬೆಂಚಿನ ಮೇಲೆ ಕೂರಬಾರದು."

ಅವಳು ಬಾಯಿಗೆ ಬಂದಂತೆ ಬೈದಳು. ಆ ಬೆರಳುಗಳು ಇನ್ನು ಪಾರ್ಸೆಲ್ ಡಬ್ಬಗಳಿಗೆ ಚೀಟಿ ಅಂಟಿಸುತ್ತವೆಂದು ನೆನೆದು ಬೈಗುಳ ಅರ್ಧಕ್ಕೇ ನಿಂತುಹೋಯಿತು. ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ ಒಲೆಯ ಕಡೆ ತಿರುಗಿ ನಿಂತಳು.

ಮಷೀನಿನ ಅರ್ಜಿ ಬಂದೇ ಬಂತು. ಅದೇ ಫ್ಯಾನು, ಅದೇ ಮೈಕು, ಅದೇ ವಕೀಲ. ಅಧ್ಯಕ್ಷರು ಅದೇ ಸಾಲನ್ನು ಓದಿದರು. ಟೈಲರಮ್ಮ ಕೂತಲ್ಲೇ ಕೂತಿದ್ದಳು, ಬೇಡ ಎಂದು ಕೈ ಎತ್ತಿದಳು. ಬೇಡ ಎಂದವರು ನಾಲ್ಕು, ಬೇಕೆಂದವರು ಮೂರು, ಅರ್ಜಿ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮತ್ತೆ ಯಾವಾಗ ಅರ್ಜಿ ಹಾಕಬಹುದೆಂದು ವಕೀಲ ಆಗಲೇ ಕಾರ್ಯದರ್ಶಿಯನ್ನು ಕೇಳುತ್ತಿದ್ದ.

ಗೇಟಿನ ಬಳಿ ಡ್ರೈವರನ ಹೆಂಡತಿ ನಿಂತಿದ್ದಳು. ಈ ಸಲ ಒಬ್ಬಳೇ.

"ಏನಾಯ್ತು?"

"ಬಿದ್ದೋಯ್ತು."

"ಮತ್ತೆ ಬರ್ತಾರಲ್ಲ?"

"ಬರ್ತಾರೆ. ಆಗ ನಾವೂ ಬರಬೇಕು."

"ಆ ಇಪ್ಪತ್ತು ಮೇಜು?"

"ಅವು ಇರ್ತವೆ ಕಣಮ್ಮ."

ಡ್ರೈವರನ ಹೆಂಡತಿ ತಲೆಯಾಡಿಸಿದಳು. "ನಮ್ಮವರು ಈಗಲೂ ಅಲ್ಲೇ ಇದ್ದಾರೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಇಬ್ಬರಲ್ಲೂ ಉಳಿದಿರಲಿಲ್ಲ. ಟೈಲರಮ್ಮ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಇಬ್ಬರೂ ಬಸ್ ಸ್ಟಾಪಿನ ಕಡೆ ಒಟ್ಟಿಗೆ ನಡೆದರು.