ತೂತು ಬಿದ್ದ ನೀಲಿ ಕುರ್ಚಿ

ಆಕಾಶದಿಂದ ಬಿದ್ದ ಕಲ್ಲಿಗೆ ಬೆಲೆ ಕಟ್ಟುವುದೆಂದರೆ ಹುಡುಗಾಟವೇ? ತೂಕ ನೋಡಬೇಕು, ಜಾತಿ ನೋಡಬೇಕು, ಉರಿದು ಬಂದ ಕಪ್ಪು ಸಿಪ್ಪೆ ಉಳಿದಿದೆಯೇ ನೋಡಬೇಕು, ಅಂಥದ್ದು ಲೋಕದಲ್ಲಿ ಇನ್ನೆಷ್ಟಿದೆಯೆಂದು ವಿಚಾರಿಸಬೇಕು. ಅಷ್ಟಾದ ಮೇಲೆ ಕೊಳ್ಳುವವನ ಅಂಗೈಯಲ್ಲಿ ಕಲ್ಲಿಟ್ಟು, ಅವನಾಗಿ ಅದನ್ನು ಕೆಳಗಿಡುವ ತನಕ ಬೆಲೆಯ ಮಾತೆತ್ತಬಾರದು. ಇದು ಅಪ್ಪ ತನ್ನ ಅಂಗಡಿಯಲ್ಲಿ ನಡೆಸಿಕೊಂಡು ಬಂದ ಪದ್ಧತಿ. ಬೆಲೆ ಹೇಳುವವರು ಕೂರಲು ಅಲ್ಲಿದ್ದದ್ದು ಒಂದೇ ಕುರ್ಚಿ, ಅಪ್ಪನದು.

ಈಗ ಅಪ್ಪನ ಕಣ್ಣು ಮಂಜಾಗಿತ್ತು. "ಈ ಸಲ ಬೆಲೆ ನೀನು ಹೇಳು ಮಗಳೇ. ಒಳ್ಳೆ ಬೆಲೆ ತಂದು ಗೆದ್ರೆ ಕುರ್ಚಿ ನಿಂದು, ಇಲ್ದಿದ್ರೆ ನಿಮ್ಮಣ್ಣಂದು," ಎಂದುಬಿಟ್ಟ. ಅಣ್ಣನಿಗೆ ಹಾಲು ಕುಡಿದಷ್ಟು ಸಂತೋಷ. ತಂಗಿ ಎಡವುವುದು ಖಂಡಿತ ಎಂದು ಅವನ ಲೆಕ್ಕಾಚಾರ. ಇಷ್ಟು ವರ್ಷ ಕಲ್ಲು ಒರೆಸಿ, ಗಾಜಿನ ಪೆಟ್ಟಿಗೆ ಜೋಡಿಸಿ, ಬಂದವರಿಗೆಲ್ಲ ಚಹಾ ಕೊಟ್ಟವಳು ಅವಳು. ಆ ಕುರ್ಚಿ ಅವಳಿಗೆ ಬೇಕಿತ್ತು, ಬೇಕೇ ಬೇಕಿತ್ತು.

ಈ ಸಲದ ಕಲ್ಲು ಬಂದದ್ದು ಗಿಡ ಮಾರುವ ಒಬ್ಬ ಅಜ್ಜಿಯಿಂದ. ಮುಷ್ಟಿಗಾತ್ರದ್ದು, ಸಾಮಾನ್ಯ ಜಾತಿಯದು. ಒಂದು ಮೂಲೆ ಮುಕ್ಕಾಗಿತ್ತು, ಅಲ್ಲಿ ಏನೋ ನೀಲಿ ಕೊಳೆ ಬೇರೆ. ಅಣ್ಣ ಹತ್ತಿಯನ್ನು ಥಿನ್ನರ್‌ನಲ್ಲಿ ಅದ್ದಿ ಒರೆಸಲು ಕೂತ.

"ಅಯ್ಯೋ, ಮುಟ್ಬೇಡ!" ತಂಗಿ ಕಲ್ಲನ್ನು ಕಸಿದೇಬಿಟ್ಟಳು.

"ಏನಾಯ್ತೇ ನಿನಗೆ? ಕೊಳೆ ಇಟ್ಕೊಂಡು ಮಾರ್ತೀಯಾ?"

"ಕೊಳೆ ಅಲ್ಲಣ್ಣ, ಬಣ್ಣ. ಆಕಾಶದಲ್ಲಿ ಇದಕ್ಕೆ ಯಾರು ಬಣ್ಣ ಬಳಿದ್ರು?"

ಕಲ್ಲನ್ನು ಮಡಿಲಲ್ಲಿ ಕಟ್ಟಿಕೊಂಡೇ ಅಜ್ಜಿಯ ಮನೆ ಕಡೆಯ ಬಸ್ಸು ಹತ್ತಿದಳು. ಅಜ್ಜಿಯ ಅಂಗಳದಲ್ಲಿ ಗೊಬ್ಬರದ ಚೀಲಗಳ ಹಿಂದೆ ತಗಡಿನ ನೀಲಿ ಕುರ್ಚಿಯೊಂದು ಮಗುಚಿ ಬಿದ್ದಿತ್ತು. ನಟ್ಟನಡುವೆ ತೂತು.

"ಹಾಳಾದ್ ಕಲ್ಲು, ಕುರ್ಚೀನೇ ತೂತು ಮಾಡ್ತು," ಎಂದಳು ಅಜ್ಜಿ. "ಒಲೆ ಮೇಲೆ ಹಾಲು ಉಕ್ಕುತ್ತೆ ಅಂತ ಆಗ ತಾನೇ ಎದ್ದಿದ್ದೆ, ಬಚಾವಾದೆ!"

ತಂಗಿ ಕಲ್ಲಿನ ಮುಕ್ಕನ್ನು ತೂತಿನ ಅಂಚಿಗೆ ಹಿಡಿದಳು. ಸರಿಯಾಗಿ ಕೂತಿತು. ಅವಳಿಗೆ ಅಲ್ಲೇ ಕುಣಿಯುವಂತಾಯಿತು.

"ಅಜ್ಜಿ, ಈ ಕುರ್ಚಿ ನಂಗೆ ಕೊಡಿ. ಇದರಿಂದ ಹೆಚ್ಚು ಬಂದದ್ರಲ್ಲಿ ಅರ್ಧ ನಿಮ್ದು."

"ತೂತು ಕುರ್ಚಿಗೆ ದುಡ್ಡಾ? ತಲೆ ನೆಟ್ಟಗಿದೆಯಾ ಮಗಳೇ?"

ಕುರ್ಚಿ ಹೊತ್ತು ಬಂದವಳನ್ನು ಕಂಡು ಅಣ್ಣ ಬಿದ್ದು ಬಿದ್ದು ನಕ್ಕ. "ಗುಜರಿ ವ್ಯಾಪಾರ ಯಾವಾಗಿಂದ?"

ಮರುದಿನ ತಕ್ಕಡಿ ಮಾಮ ಬಂದ. ಕಲ್ಲು ಕೂಡಿಡುವ ದೊಡ್ಡ ಕುಳ. ಜೇಬಿನಲ್ಲಿ ಸದಾ ತನ್ನದೇ ತಕ್ಕಡಿ ಇಟ್ಟುಕೊಂಡು ತಿರುಗುವುದರಿಂದ ಆ ಹೆಸರು. ಕಲ್ಲನ್ನು ತೂಗಿ ಮೂಗು ಮುರಿದ.

"ಇಂಥವು ನನ್ನ ಹತ್ರ ರಾಶಿ ಇವೆ. ಮುಕ್ಕು ಬೇರೆ. ತೂಕಕ್ಕೆ ಎಷ್ಟೋ ಅಷ್ಟು ಕೊಡ್ತೀನಿ."

ಅಣ್ಣ ಆಗಲೇ ತಲೆಯಾಡಿಸಿದ್ದ. ತಂಗಿ ಕಲ್ಲನ್ನು ಮಾಮನ ಅಂಗೈಯಲ್ಲಿಟ್ಟು, ನೀಲಿ ಕುರ್ಚಿಗೆ ಹೊದಿಸಿದ್ದ ಬಟ್ಟೆ ಎಳೆದಳು.

ಮಾಮ ತೂತು ನೋಡಿದ, ಕಲ್ಲಿನ ಮೇಲಿನ ನೀಲಿ ನೋಡಿದ. ಮಂಡಿಯೂರಿ ಕೂತು ಕಲ್ಲನ್ನು ತೂತಿಗೆ ಹಿಡಿದ.

"ಕುರ್ಚೀನೇ ತೂತು ಮಾಡಿದ ಕಲ್ಲು ನನ್ನ ಹತ್ರ ಒಂದೂ ಇಲ್ಲ! ಯಾರಾದ್ರೂ ಕೂತಿದ್ರಾ ಇದ್ರಲ್ಲಿ?"

"ಒಬ್ರು ಅಜ್ಜಿ. ಹಾಲು ಉಕ್ಕುತ್ತೆ ಅಂತ ಆಗ ತಾನೇ ಎದ್ದು ಹೋಗಿದ್ರಂತೆ."

"ತೂಕದ ಎರಡರಷ್ಟು ಕೊಡ್ತೀನಿ."

ಕಲ್ಲು ಇನ್ನೂ ಅವನ ಕೈಯಲ್ಲೇ ಇತ್ತು. ತಂಗಿ ಸುಮ್ಮನಿದ್ದಳು. ಅಣ್ಣ ಬಾಯಿ ತೆರೆದ. ಅಪ್ಪ ಮೆಲ್ಲಗೆ ಅವನ ಕಾಲು ತುಳಿದ.

"ಐದರಷ್ಟು! ಹತ್ತು!" ಮಾಮ ಬೆವರು ಒರೆಸಿಕೊಂಡ. ಕೊನೆಗೆ ಕಲ್ಲನ್ನು ಕುರ್ಚಿಯ ಮೇಲಿಟ್ಟು, "ಬಾಯಿ ಬಿಡಮ್ಮ, ಪುಣ್ಯ ಬರುತ್ತೆ!" ಎಂದ.

"ಇಪ್ಪತ್ತರಷ್ಟು. ಕುರ್ಚಿ ಬಿಟ್ಟು ಕಲ್ಲು ಕೊಡಲ್ಲ, ಕಲ್ಲು ಬಿಟ್ಟು ಕುರ್ಚಿ ಕೊಡಲ್ಲ."

"ಹಾಡಹಗಲೇ ದರೋಡೆ!" ಎಂದು ಕೂಗಿದ ಮಾಮ, ಕೂಗುತ್ತಲೇ ಕಲ್ಲನ್ನು ತನ್ನ ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತಿದ್ದ.

ನೀಲಿ ಕುರ್ಚಿ ವ್ಯಾನು ಹತ್ತಿತು. ಅಪ್ಪ ಮೇಜು ಕುಟ್ಟಿ ಕುಟ್ಟಿ ನಕ್ಕ, ಮಂಜುಗಣ್ಣಲ್ಲಿ ನೀರು. ಅಣ್ಣ ಪೆಚ್ಚಾದ. ಆಮೇಲೆ ಅಪ್ಪನ ಕುರ್ಚಿಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ಅವಳ ಮುಂದೆ ಎಳೆದಿಟ್ಟ.

"ಕೂತ್ಕೊಳ್ಳೇ. ಒಪ್ಕೊಂಡೆ, ನೀನೇ ಗೆದ್ದೆ."

ತಂಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಎಂಥ ಹಾಯಾದ ಕುರ್ಚಿ!

"ಅಣ್ಣ, ಮೊದ್ಲು ಆ ಥಿನ್ನರ್ ಬಾಟ್ಲಿ ಹೊರಗೆ ಬಿಸಾಕು. ಆಮೇಲೆ ಅಜ್ಜಿ ಪಾಲಿನ ದುಡ್ಡು ಕೊಟ್ಟು ಬಾ. ಹೋಗ್ತಾ ಅವರಿಗೆ ಕೂರೋಕೆ ಒಂದು ಒಳ್ಳೆ ಕುರ್ಚೀನೂ ತಗೊಂಡು ಹೋಗು."