ಚಿರತೆಗಿಟ್ಟ ಬೋನು

ಕಬ್ಬಿಣದ ಬಾಗಿಲು ಬೆನ್ನ ಹಿಂದೆ ಧಡಾರನೆ ಬಿದ್ದಾಗ ಕೋಮಲಾಗೆ ಮೊದಲು ಆದದ್ದು ಹೆದರಿಕೆಯಲ್ಲ, ನಾಚಿಕೆ. ಚಿರತೆಗಿಟ್ಟ ಬೋನಿಗೆ ಗುರುಮೂರ್ತಿಯ ಸೊಸೆ ಬಿದ್ದಳಂತೆ ಎಂದು ಯಗಟಿ ಊರಿಗೆ ಊರೇ ನಗುತ್ತದೆ.

ಕುರಿಗಳು ಒಂದೊಂದಾಗಿ ಕಾಣೆಯಾದ ಮೇಲೆ ಅರಣ್ಯ ಇಲಾಖೆಯವರು ತೋಟದಾಚೆಯ ಗುಡ್ಡದ ಬುಡಕ್ಕೆ ಬೋನು ತಂದಿಟ್ಟಿದ್ದರು. ಆಸೆ ತೋರಿಸಲು ಕುರಿಮರಿ ಕಟ್ಟುವ ಬದಲು ಮಾವ ಗುರುಮೂರ್ತಿ ಮನೆಯ ನಾಯಿ ಕರಿಯನನ್ನು ಹಿಂದಿನ ಖಾನೆಗೆ ತಳ್ಳಿದ್ದರು. "ಮಧ್ಯ ಜಾಲರಿ ಐತೆ ಕಣಮ್ಮ, ಅದಕ್ಕೇನೂ ಆಗಲ್ಲ." ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಕರಿಯ ಒಂದೇ. ರಾತ್ರಿಯೆಲ್ಲ ಅದು ಊಳಿಟ್ಟಿತ್ತು. ಬೆಳಗಾದ ಮೇಲೆ ಊಳು ನಿಂತಿತು. ಆ ಮೌನವನ್ನು ತಡೆಯಲಾರದೆ ಸಂಜೆ ಹೊರಟುಬಂದಿದ್ದಳು.

ಹಿಂದಿನ ಖಾನೆಗೆ ಬೀಗ ಹಾಕಿತ್ತು. ಮುಂದಿನಿಂದ ಒಳಹೊಕ್ಕು ಜಾಲರಿಯ ತಂತಿ ಬಿಚ್ಚಿದರಾಯಿತು ಎಂದುಕೊಂಡಳು. ಬಾಗಿಲು ಬೀಳಿಸುವ ಹಲಗೆ ಕಾಣದಿರಲೆಂದು ಮಾವ ಅದರ ಮೇಲೆ ರಾಗಿಹುಲ್ಲು ಹರಡಿದ್ದರು. ಕಾಲಿಟ್ಟದ್ದು ಸರಿಯಾಗಿ ಅಲ್ಲೇ. ಬಾಗಿಲು ಅವಳೊಬ್ಬಳಿಂದ ಅಲುಗಲಿಲ್ಲ. ಫೋನು ಮನೆಯಲ್ಲಿ ಚಾರ್ಜಿಗಿತ್ತು.

ಕರಿಯ ಜಾಲರಿಗೆ ಮೂಗು ಒತ್ತಿತು.

ಮಧ್ಯಾಹ್ನ ಮನೆಪಾಠದ ಮಕ್ಕಳೆದುರು ಭೂಪಟ ಹರಡಿ ತೋರಿಸಿದ್ದಳು. ಜಾಗ್ವಾರ್ ಅಮೆಜಾನಿನಲ್ಲಿ, ಹಿಮಕರಡಿ ಉತ್ತರ ಧ್ರುವದಲ್ಲಿ, ಬ್ಲ್ಯಾಕ್ ಮಾಂಬಾ ಹಾವು ಆಫ್ರಿಕಾದಲ್ಲಿ, ಕಾಳಿಂಗ ನಮ್ಮ ಹೆಬ್ಬೆ ಕಡೆಯ ಕಾಡಿನಲ್ಲಿ. ಅತೀಯಾ ಎಂಬ ಹುಡುಗಿ ಕೇಳಿದ್ದಳು, "ಮಿಸ್, ನಮ್ಮ ಚಿರತೆ ಎಲ್ಲಿರುತ್ತೆ?"

"ಕಾಡಲ್ಲಿ."

"ಯಗಟೀಲಿ ಕಾಡೇ ಇಲ್ವಲ್ಲ ಮಿಸ್!"

ಕೋಮಲಾ ಭೂಪಟ ಮಡಚಿದ್ದಳು. ತರೀಕೆರೆಯ ತವರಿಗೆ ಹೋದರೆ ಅಮ್ಮ "ನಿಮ್ಮನೇಲಿ ಎಲ್ಲ ಹೆಂಗಿದಾರೆ" ಎನ್ನುತ್ತಾಳೆ. ಇಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅತ್ತೆ "ನಿಮ್ಮನೇಲಿ ಹಿಂಗೇನಾ" ಎನ್ನುತ್ತಾರೆ.

ಹೊತ್ತು ಮುಳುಗುವಾಗ ಚಿರತೆ ಬಂತು. ಗುಡ್ಡದ ಕಡೆಯಿಂದಲ್ಲ, ತೆಂಗಿನ ತೋಟದಿಂದ, ಅವಳು ಬಂದ ಕಾಲುದಾರಿಯಲ್ಲೇ. ಹಾಗಾದರೆ ಅವಳು ನಡೆದು ಬರುವಾಗ ಅದು ಅಲ್ಲೇ ಎಲ್ಲೋ ಮಲಗಿತ್ತು. ಬೋನನ್ನು ಒಂದು ಸುತ್ತು ಹಾಕಿತು. ಕಂಬಿಯ ಸಂದಿನಿಂದ ಅದರ ಉಸಿರು ಕೇಳಿಸಿತು. ಕೋಮಲಾ ಜಾಲರಿಯಲ್ಲಿ ಬೆರಳು ತೂರಿಸಿ ಕರಿಯನ ಕಿವಿ ಹಿಡಿದಳು. ಚಿರತೆ ಬದುವಿನ ಮೇಲೆ ಕೂತು ಅಂಗಾಲು ನೆಕ್ಕತೊಡಗಿತು. ಅದಕ್ಕೆ ಅವಸರವಿರಲಿಲ್ಲ.

ದೂರದಲ್ಲಿ, ತೋಟದ ಆ ತುದಿಗೆ, ಬೈಕುಗಳು ಬಂದು ನಿಂತ ಸದ್ದಾಯಿತು. ಅದು ಎದ್ದು, ತನ್ನ ಮನೆಗೆ ಹೋಗುವಂತೆ, ಮತ್ತೆ ತೋಟಕ್ಕೇ ಇಳಿಯಿತು.

"ಬಿತ್ತು ಕಣ್ರೋ, ಬಿತ್ತು! ಸದ್ದು ನಾನೇ ಕೇಳ್ದೆ!" ಮಾವನ ದನಿ. ಹಿಂದೆ ನಾಲ್ಕಾರು ಜನ, ಜೊತೆಗೆ ಫಾರೆಸ್ಟ್ ವಾಚರ್ ಮುನೀರ್ ಪಾಷಾ. ಟಾರ್ಚಿನ ಬೆಳಕು ಅವಳ ಮುಖಕ್ಕೆ ಬಿತ್ತು.

"ಅಯ್ಯೋ ಶಿವನೇ!"

ಮುನೀರ್ ಪಾಷಾ ಬಗ್ಗಿ ನೋಡಿದ. "ಯಜಮಾನ್ರೇ, ಇದನ್ನ ಯಾವ ಕಾಡಿಗೆ ಬಿಡ್ಲಿ?"

ಎಲ್ಲರೂ ಗೊಳ್ಳೆಂದು ನಕ್ಕರು. ಇಬ್ಬರು ಸೇರಿ ಬಾಗಿಲನ್ನು ಎತ್ತಿ ಹಿಡಿದರು.

"ಬಾರಮ್ಮ ಈಚೆಗೆ," ಅಂದರು ಮಾವ.

ಕೋಮಲಾ ಕೂತಲ್ಲಿಂದ ಏಳಲಿಲ್ಲ. "ಮೊದ್ಲು ಹಿಂದಿನ ಬೀಗ ತೆಗೀರಿ, ಮಾವ."

"ನಾಯಿ ಬಿಟ್ಬಿಟ್ರೆ ನಾಳೆ ಏನು ಕಟ್ಟಾಣ?"

"ನಾನಿದೀನಲ್ಲ."

ನಗು ನಿಂತಿತು. ಬಾಗಿಲು ಹಿಡಿದವನೊಬ್ಬ ಗೊಣಗಿದ, "ಕೈ ಸೋಲ್ತಾ ಐತೆ, ಬೇಗ ಏನಾದ್ರೂ ಮಾಡ್ರಪ್ಪಾ." ಕೋಮಲಾ ಮಾವನ ಮುಖವನ್ನೇ ನೋಡುತ್ತಿದ್ದಳು. ಅವರು ನೆಲ ನೋಡಿದರು. ಕೊನೆಗೆ ಗಡ್ಡ ಕೆರೆದುಕೊಂಡು, "ತೆಗಿಯಪ್ಪಾ ಪಾಷಾ," ಅಂದರು. "ನಾಳೆ ಮರಿ ತರ್ತೀನಿ."

ಬೀಗದ ಸದ್ದು ಕೇಳಿದ ಮೇಲೆ ಅವಳು ಹೊರಬಂದಳು. ಹಿಂದಿನ ಬಾಗಿಲು ತೆರೆದಿದ್ದರೂ ಕರಿಯ ಮೂಲೆ ಬಿಟ್ಟಿರಲಿಲ್ಲ. ಎತ್ತಿಕೊಂಡು, "ಚಿರತೆ ಈಗಷ್ಟೇ ತೋಟಕ್ಕಿಳೀತು," ಅಂದಳು. ಮನೆಗೆ ಬೇರೆ ದಾರಿಯಿರಲಿಲ್ಲ. ಚಿರತೆ ಇಳಿದ ತೋಟದೊಳಗೆ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು ನಡೆದರು.